ಬೆಲೆ ಹೇಳುವ ಹೊಣೆ

ಹಳೆಯ ವಸ್ತುವಿಗೆ ಬೆಲೆ ಹೇಳುವುದು ಸುಲಭವೆಂದು ತಿಳಿದವರು ಆ ಕೆಲಸವನ್ನು ಇನ್ನೂ ಮಾಡಿಲ್ಲವೆಂದೇ ಅರ್ಥ. ನಾವು ಬಾಲ್ಯದಿಂದ ಮಠದಲ್ಲಿ ಬೆಳೆದು, ತಾಳೆಗರಿಗಳ ನಡುವೆಯೇ ಅಕ್ಷರ ಕಲಿತವರು. ಯಾರ ಮನೆಯ ಅಟ್ಟದಲ್ಲಿ ಎಂತಹ ಕಟ್ಟು ಸಿಕ್ಕರೂ 'ಶಾಸ್ತ್ರಿಗಳಿಗೆ ಒಮ್ಮೆ ತೋರಿಸಿ' ಎನ್ನುವ ವಾಡಿಕೆ ನಮ್ಮ ಕಡೆ ಇದೆ. ಆದರೆ ಕಳೆದ ವರ್ಷ ಮೂಡಿಗೆರೆಯ ಸಮೀಪದ ಕಾಫಿ ತೋಟದ ಮನೆಯೊಂದರಲ್ಲಿ ನಮ್ಮ ಮುಂದೆ ಬಂದುದು ಓಲೆಯೂ ಅಲ್ಲ, ಕಡತವೂ ಅಲ್ಲ. ಚಲನಚಿತ್ರಗಳನ್ನು ಒಡಲಲ್ಲಿಟ್ಟುಕೊಂಡ ಹೊಳೆಯುವ ತಟ್ಟೆಗಳು. ಅವುಗಳಿಗೆ ಬೆಲೆ ಹೇಳಲು ಹೋಗಿ ನಾವು ಕಲಿತ ಪಾಠವನ್ನು ಓದುಗ ಬಂಧುಗಳ ಮುಂದಿಡುವುದು ಈ ಬರಹದ ಉದ್ದೇಶ.

ಆ ಮನೆಯ ಯಜಮಾನರು ಲಿಂಗೈಕ್ಯರಾಗಿ ವರ್ಷ ತುಂಬಿದ ದಿನ. ಪ್ರಸಾದ ಮುಗಿದು, ಬಂದ ನೆಂಟರು ಹೊರಟ ಮೇಲೆ ಮನೆಯ ತಾಯಿಯವರು ಎರಡು ಕಬ್ಬಿಣದ ಟ್ರಂಕುಗಳನ್ನು ನಡುಮನೆಗೆ ತರಿಸಿದರು. "ಶಾಸ್ತ್ರಿಗಳೇ, ಇದನ್ನೊಂದು ನೋಡಿ ಹೇಳಬೇಕು. ಮನೆಯಲ್ಲಿ ಇದರಿಂದಲೇ ಮಾತು ಬೆಳೆದಿದೆ" ಎಂದರು. ಮುಚ್ಚಳ ತೆಗೆದರೆ ಮಳೆಗಾಲದ ಬೂಷ್ಟಿನ ವಾಸನೆ. ಒಳಗೆ ಗ್ರಾಮಫೋನ್ ಪ್ಲೇಟುಗಳಷ್ಟೇ ಅಗಲದ ರಟ್ಟಿನ ಚೀಲಗಳು. ಚೀಲದೊಳಗೆ ಕನ್ನಡಿಯಂತೆ ಮುಖ ತೋರಿಸುವ ದಪ್ಪ ತಟ್ಟೆಗಳು. ಜೊತೆಗೆ ಕಂಬಳಿಯಲ್ಲಿ ಸುತ್ತಿಟ್ಟ, ಅವುಗಳನ್ನು ನಡೆಸುವ ಯಂತ್ರ. ನೋಡಲು ಬಂದಿದ್ದ ನೆರೆಯ ಅಜ್ಜಿಯೊಬ್ಬರು "ಇದರಲ್ಲಿ ಬೆಳ್ಳಿ ಉಂಟಂತಲ್ಲ" ಎಂದು ಮೆಲ್ಲನೆ ಕೇಳಿದರು.

ಇವು ಲೇಸರ್‌ಡಿಸ್ಕ್‌ಗಳು. ಕಾಫಿ ತೋಟದ ಮನೆಗೆ ಇವು ಬಂದ ಬಗೆ ನಮ್ಮ ಜಿಲ್ಲೆಯ ಚರಿತ್ರೆಗೆ ಸೇರಿದ ಸಂಗತಿ. ಬಹುಕಾಲ ಬೆಳೆಗಾರನು ತನ್ನ ಕಾಫಿಯನ್ನು ಕಾಫಿ ಮಂಡಳಿಯ ಪೂಲಿಗೆ ಒಪ್ಪಿಸಿ, ಕಂತುಕಂತಾಗಿ ಬರುವ ಹಣಕ್ಕೆ ಕಾಯಬೇಕಾಗಿತ್ತು. 1990ರ ದಶಕದ ಆರಂಭದಿಂದ ಆ ಕಟ್ಟು ಹಂತಹಂತವಾಗಿ ಸಡಿಲಗೊಂಡು, 1996ರ ಹೊತ್ತಿಗೆ ಬೆಳೆಗಾರನೇ ತನ್ನ ಬೆಳೆಯನ್ನು ಮಾರುವ ಸ್ವಾತಂತ್ರ್ಯ ಬಂದಿತು. ಇದರ ನಡುವೆ 1994ರಲ್ಲಿ ಬ್ರೆಜಿಲ್ ದೇಶದಲ್ಲಿ ಫ್ರಾಸ್ಟ್ ಬಿದ್ದು ಅಲ್ಲಿಯ ಬೆಳೆ ಸುಟ್ಟುಹೋಗಲು, ಇಲ್ಲಿಯ ಕಾಫಿಗೆ ಹಿಂದೆ ಕಾಣದ ಬೆಲೆ ಬಂದಿತು. ಮೂಡಿಗೆರೆ, ಕಳಸ, ಚಿಕ್ಕಮಗಳೂರು ಸೀಮೆಯಲ್ಲಿ ಹೊಸ ಜೀಪುಗಳೂ ಡಿಶ್ ಆಂಟೆನಾಗಳೂ ಕಂಡದ್ದು ಆಗಲೇ. ಈ ಯಜಮಾನರು ಜೀಪು ಬದಲಿಸಲಿಲ್ಲ. 1995ರಲ್ಲಿ ವಿದೇಶದಲ್ಲಿದ್ದ ಬಂಧುವೊಬ್ಬರ ಮೂಲಕ ಈ ಯಂತ್ರವನ್ನೂ ತಟ್ಟೆಗಳನ್ನೂ ತರಿಸಿಕೊಂಡರು.

ತರಿಸಿಕೊಂಡದ್ದು ತಮ್ಮೊಬ್ಬರ ಸಂತೋಷಕ್ಕಲ್ಲ. ಶನಿವಾರದ ರಾತ್ರಿ ದೂರದರ್ಶನದ ಪೆಟ್ಟಿಗೆಯನ್ನು ಜಗಲಿಗೆ ತಂದಿಟ್ಟು, ಲೈನ್ ಮನೆಗಳ ಜನರನ್ನೆಲ್ಲ ಕಾಫಿ ಕಣದಲ್ಲಿ ಕೂರಿಸಿ ಚಿತ್ರ ತೋರಿಸುತ್ತಿದ್ದರಂತೆ. ಟ್ರಂಕಿನಲ್ಲಿ ಕನ್ನಡದ ಚಿತ್ರ ಒಂದೂ ಇರಲಿಲ್ಲ. ಇಂಗ್ಲಿಷು ತಿಳಿಯದ ಜನಕ್ಕೆ ಯಜಮಾನರೇ ನಡುನಡುವೆ ಕಥೆ ಹೇಳುತ್ತಿದ್ದರು. ಯಂತ್ರ ನಡೆಸುವ, ತಟ್ಟೆ ಮಗುಚಿ ಹಾಕುವ ಕೆಲಸ ಗೋದಾಮು ನೋಡಿಕೊಳ್ಳುತ್ತಿದ್ದ ಒಬ್ಬ ಹುಡುಗನದು. ಆ ಹುಡುಗನಿಗೆ ಈಗ ಐವತ್ತು ವರ್ಷ. ಯಜಮಾನರು ಹಾಸಿಗೆ ಹಿಡಿದಾಗ, "ಆ ಪೆಟ್ಟಿಗೆಗಳು ಅವನಿಗೆ" ಎಂದು ಹೆಂಡತಿಯ ಮುಂದೆ ಎರಡು ಸಲ ಹೇಳಿದ್ದರು. ಕಾಗದದಲ್ಲಿ ಬರೆದಿರಲಿಲ್ಲ.

ಮಾತು ಬೆಳೆದ ಕಾರಣವೂ ಇಲ್ಲಿಯೇ ಇದೆ. ಬೆಂಗಳೂರಿನಲ್ಲಿರುವ ಮಗನು ಮೊದಲು 'ಗುಜರಿಗೆ ಹಾಕಿಬಿಡಿ' ಎಂದಿದ್ದನು. ಪೇಟೆಯಿಂದ ಹಳೆಯ ಸಾಮಾನು ಕೊಳ್ಳುವವನು ಬಂದು, ಯಂತ್ರವೂ ಸೇರಿ 2,500 ರೂಪಾಯಿ ಎಂದನು. ಅಷ್ಟರಲ್ಲಿ ರಜೆಗೆ ಬಂದಿದ್ದ ಮೊಮ್ಮಗನು ಮೊಬೈಲಿನಲ್ಲಿ ಹುಡುಕಿ, ಇಂತಹುದೇ ಒಂದು ತಟ್ಟೆಗೆ ಯಾರೋ ಅರ್ಧ ಲಕ್ಷ ಕೇಳಿರುವುದನ್ನು ಕಂಡನು. ಮೂವತ್ತಾರು ಚೀಲಗಳಿಗೆ ಲೆಕ್ಕ ಹಾಕಿದರೆ ಹದಿನೆಂಟು ಲಕ್ಷ! ಈ ಸುದ್ದಿ ಬೆಂಗಳೂರಿಗೆ ಮುಟ್ಟಿದೊಡನೆ ಮಗನ ಮಾತು ಬದಲಾಯಿತು: "ಅಪ್ಪ ಜ್ವರದಲ್ಲಿ ಏನೋ ಹೇಳಿದ್ದಾರೆ. ಸ್ವಲ್ಪ ತಡೆಯಿರಿ."

ಎಲ್ಲರೂ ಹೊರಗೆ ಹೋದ ಸಮಯ ನೋಡಿ ತಾಯಿಯವರು ದನಿ ತಗ್ಗಿಸಿ ಹೇಳಿದರು: "ಶಾಸ್ತ್ರಿಗಳೇ, ನಿಮ್ಮ ಮಾತನ್ನು ಮಗ ಮೀರುವುದಿಲ್ಲ. ಇದಕ್ಕೆ ಏನೂ ಬೆಲೆ ಇಲ್ಲ ಅಂತ ಒಂದು ಮಾತು ಹೇಳಿಬಿಡಿ. ಅವರ ಮಾತು ಉಳಿಯುತ್ತದೆ, ಆ ಬಡವನಿಗೂ ದಕ್ಕುತ್ತದೆ."

ಕೇಳಿದ್ದು ನ್ಯಾಯವಾದ ಫಲಕ್ಕಾಗಿ ಒಂದು ಸಣ್ಣ ಸುಳ್ಳು. ನಾವು ಒಡನೆ ಉತ್ತರ ಕೊಡಲಿಲ್ಲ. ಏಕೆಂದರೆ ಅಂತಹುದೇ ಒಂದು ಮಾತನ್ನು ನಾವು ಹಿಂದೊಮ್ಮೆ ಆಡಿದ್ದೆವು. ಸುಳ್ಳೆಂದು ತಿಳಿದಲ್ಲ, ತಿಳಿಯದೆಯೇ.

1986ರ ಮಾತು. ಮಠದಿಂದ ಹೊರಬಂದು ಹಸ್ತಪ್ರತಿಗಳ ಶೋಧಕ್ಕೆಂದು ಊರೂರು ತಿರುಗುತ್ತಿದ್ದ ಕಾಲ. ಕೊಟ್ಟಿಗೆಹಾರದ ಮಳೆಯಲ್ಲಿ ನೆನೆಯುತ್ತ ಕಳಸದ ಕಡೆಯ ಒಂದು ಮನೆಗೆ ಹೋದೆವು. ಅವರು ಅಟ್ಟದಿಂದ ಓಲೆಯ ಕಟ್ಟನ್ನೂ ಒಂದು ಪೆಟ್ಟಿಗೆ ಗ್ರಾಮಫೋನ್ ಪ್ಲೇಟುಗಳನ್ನೂ ಇಳಿಸಿದರು. ಓಲೆಗಳನ್ನು ಒಂದೊಂದಾಗಿ ಎಣಿಸಿ, ಹುಲ್ಲೆಣ್ಣೆ ಸವರಿ, ಗರಿಗರಿಯನ್ನೂ ಓದಿದೆವು. ಪ್ಲೇಟುಗಳನ್ನು ಕುರಿತು ಮನೆಯವರು ಕೇಳಿದಾಗ, ಮೇಲಿನ ಎರಡರ ಹಣೆಬರಹವನ್ನಷ್ಟೇ ನೋಡಿ "ಇದೆಲ್ಲ ಈಗ ಕ್ಯಾಸೆಟ್ಟಿನಲ್ಲಿ ಸಿಗುತ್ತದೆ, ಇಟ್ಟುಕೊಂಡು ಏನು ಮಾಡುತ್ತೀರಿ" ಎಂದುಬಿಟ್ಟೆವು. ಅವರು ನಂಬಿದರು. ಮುಂದಿನ ವಾರವೇ ಅವು ಪಾತ್ರೆ ಮಾರುವವನ ಪಾಲಾದವು.

ಅನಂತರದ ವರ್ಷಗಳಲ್ಲಿ ನಮಗೆ ಅರಿವಾಯಿತು. ಮಲ್ಲಿಕಾರ್ಜುನ ಮನ್ಸೂರರೂ ಗಂಗೂಬಾಯಿ ಹಾನಗಲ್ಲರೂ 1930ರ ದಶಕದಲ್ಲಿಯೇ ಹಿಸ್ ಮಾಸ್ಟರ್ಸ್ ವಾಯ್ಸ್ ಕಂಪನಿಯ ಪ್ಲೇಟುಗಳಿಗೆ ಹಾಡಿದ್ದರು. ವೃತ್ತಿನಾಟಕದ ಕಂಪನಿಗಳ ಎಷ್ಟೋ ನಟನಟಿಯರ ಕಂಠವು ಮೂರು ನಾಲ್ಕು ನಿಮಿಷದ ಆ ಅರಗಿನ ತಟ್ಟೆಗಳಲ್ಲಲ್ಲದೆ ಬೇರೆಲ್ಲಿಯೂ ಉಳಿಯಲಿಲ್ಲ. ಅವೆಲ್ಲವೂ ಕ್ಯಾಸೆಟ್ಟಿಗೆ ಬರಲಿಲ್ಲ. ಕಳಸದ ಆ ಪೆಟ್ಟಿಗೆಯ ತಳದಲ್ಲಿ ಏನಿತ್ತೆಂಬುದು ನಮಗೆ ಗೊತ್ತಿಲ್ಲ; ಇನ್ನು ಗೊತ್ತಾಗುವಂತೆಯೂ ಇಲ್ಲ. ಕಳೆದದ್ದು ಏನೆಂದು ತಿಳಿದಿದ್ದರೆ ದುಃಖಕ್ಕೊಂದು ಅಳತೆಯಾದರೂ ಇರುತ್ತಿತ್ತು.

ಚಲನಚಿತ್ರದ ವಿಷಯದಲ್ಲಿಯೂ ಹೀಗೆಯೇ ಆಗಿದೆ. 1934ರಲ್ಲಿ ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ'ವನ್ನು ಇಂದು ನೋಡಲು ಪ್ರತಿಯಿಲ್ಲ. ಭಾರತದ ಮೊದಲ ವಾಕ್ಚಿತ್ರ, 1931ರ 'ಆಲಂ ಆರಾ'ಕ್ಕೂ ಅದೇ ಗತಿ. ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಹುಟ್ಟಿದ್ದೇ 1964ರಲ್ಲಿ. ಅದಕ್ಕೂ ಮೊದಲು ಎಷ್ಟೋ ಹಳೆಯ ಫಿಲ್ಮುಗಳನ್ನು ಅವುಗಳೊಳಗಿನ ಚೂರು ಬೆಳ್ಳಿಯ ಆಸೆಗೆ ಕರಗಿಸಿಬಿಟ್ಟರು. ಬೆಳ್ಳಿಯ ತೂಕಕ್ಕೆ ಬೆಲೆ ಸಿಕ್ಕಿತು, ಚಿತ್ರ ಹೋಯಿತು. ನೆರೆಯ ಅಜ್ಜಿಯ ಪ್ರಶ್ನೆ ನಮ್ಮನ್ನು ಚುಚ್ಚಿದ್ದು ಆ ಕಾರಣಕ್ಕೆ. ಲೇಸರ್‌ಡಿಸ್ಕ್‌ನಲ್ಲಿ ಬೆಳ್ಳಿಯಿಲ್ಲ, ಇರುವುದು ಅಲ್ಯುಮಿನಿಯಮ್ಮಿನ ತೆಳು ಲೇಪ, ಒಂದು ಚಿಟಿಕೆಯಷ್ಟೂ ಅಲ್ಲ.

ಆದುದರಿಂದ ತಾಯಿಯವರಿಗೆ ಹೇಳಿದೆವು: "ತಾಯಿ, ಬೆಲೆ ಇಲ್ಲವೆಂದು ಹೇಳಲಾರೆವು, ಇದೆಯೆಂದೂ ಹೇಳಲಾರೆವು. ನೋಡಿ ಹೇಳುತ್ತೇವೆ. ನಾಲ್ಕು ದಿನ ಕೊಡಿ." ಅವರ ಮುಖ ಬಾಡಿತು. ಆದರೂ ನಮಗೆಂದು ಕೋಣೆಯೊಂದನ್ನು ಸಿದ್ಧಪಡಿಸಿದರು.

ನಮ್ಮ ಗುರುಗಳು ಹಸ್ತಪ್ರತಿ ಕೈಗೆ ಬಂದಾಗ ಮೂರು ಪ್ರಶ್ನೆ ಕೇಳುತ್ತಿದ್ದರು. ಪೂರ್ಣವೇ? ಕ್ಷೇಮವೇ? ಬೇರೆಡೆ ಪ್ರತಿಯುಂಟೇ? ಮಠದಲ್ಲಿ ಮಾರುವ ಮಾತೇ ಇರದಿದ್ದುದರಿಂದ ನಾಲ್ಕನೆಯದನ್ನು ಅವರು ಕೇಳಲಿಲ್ಲ. ಸಂತೆಯಲ್ಲಿ ಅದೇ ಮೊದಲನೆಯದು: ಬೇಕೆನ್ನುವವರು ಎಷ್ಟು ಜನ? ಈ ನಾಲ್ಕನ್ನು ಹಿಡಿದುಕೊಂಡು ಮೊಮ್ಮಗನನ್ನು ಜೊತೆಗೆ ಕೂರಿಸಿಕೊಂಡೆವು. ಮೊಬೈಲು ಅವನದು, ಪ್ರಶ್ನೆ ನಮ್ಮದು.

ಮೊದಲು ವಸ್ತುವಿನ ಪರಿಚಯ ಮಾಡಿಕೊಂಡೆವು. ಫಿಲಿಪ್ಸ್ ಮತ್ತು ಎಂಸಿಎ ಎಂಬ ಕಂಪನಿಗಳು ಸೇರಿ ರೂಪಿಸಿದ ಈ ತಟ್ಟೆಗಳು 1978ರ ಡಿಸೆಂಬರಿನಲ್ಲಿ ಅಮೆರಿಕದ ಅಟ್ಲಾಂಟಾ ನಗರದಲ್ಲಿ ಮೊದಲು ಮಾರಾಟಕ್ಕೆ ಬಂದವು. ಬಳಿಕ ಜಪಾನಿನ ಪಯೋನಿಯರ್ ಕಂಪನಿ ಅದನ್ನು ಬೆಳೆಸಿತು. ತಟ್ಟೆಯ ಅಗಲ 30 ಸೆಂಟಿಮೀಟರು. ಎರಡು ಹೋಳುಗಳನ್ನು ಬೆನ್ನಿಗೆ ಬೆನ್ನು ಹಚ್ಚಿ ಅಂಟಿಸಿ ಮಾಡಿದ್ದು. ಒಂದು ಬಗೆಯದರಲ್ಲಿ ಒಂದು ಮಗ್ಗುಲಿಗೆ ಅರ್ಧ ಗಂಟೆ, ಇನ್ನೊಂದು ಬಗೆಯದರಲ್ಲಿ ಒಂದು ಗಂಟೆ ಚಿತ್ರ ಹಿಡಿಯುತ್ತದೆ. ಹೀಗಾಗಿ ಒಂದೇ ಚಿತ್ರಕ್ಕೆ ಎರಡು ಮೂರು ತಟ್ಟೆಗಳಿರುವುದೂ ಉಂಟು. ನಮ್ಮ ದೇಶದಲ್ಲಿ ವಿಡಿಯೋ ಕ್ಯಾಸೆಟ್ಟುಗಳೂ ಆಮೇಲೆ ಅಗ್ಗದ ವಿಸಿಡಿಗಳೂ ಮನೆಮನೆಗೆ ಹೊಕ್ಕವೇ ಹೊರತು ಇದು ಸಿರಿವಂತರ ಮನೆ ದಾಟಲಿಲ್ಲ. 1996ರ ಕೊನೆಗೆ ಜಪಾನಿನಲ್ಲಿ ಡಿವಿಡಿ ಹುಟ್ಟಿದ ಮೇಲೆ ಇದರ ಆಯುಷ್ಯ ತೀರುತ್ತ ಬಂದು, 2001ರ ಸುಮಾರಿಗೆ ಹೊಸ ಚಿತ್ರಗಳು ನಿಂತವು. 2009ರಲ್ಲಿ ಪಯೋನಿಯರ್ ಯಂತ್ರ ತಯಾರಿಸುವುದನ್ನೂ ನಿಲ್ಲಿಸಿತು.

ಇನ್ನು ಪರೀಕ್ಷೆ. ಪೂರ್ಣವೇ? ಮೂವತ್ತಾರು ಚೀಲಗಳಲ್ಲಿ ಎರಡರೊಳಗೆ ಎರಡನೆಯ ತಟ್ಟೆಯೇ ಇರಲಿಲ್ಲ. ಕೊನೆಯ ಗರಿ ಇಲ್ಲದ ಕಾವ್ಯದಂತೆ, ಅವನ್ನು ಕೇಳುವವರಿಲ್ಲ. ಜಪಾನಿನಲ್ಲಿ ಅಚ್ಚಾದ ನಾಲ್ಕಕ್ಕೆ ಚೀಲದ ಅಂಚಿಗೆ ಸುತ್ತಿದ ಕಾಗದದ ಪಟ್ಟಿ ಹಾಗೆಯೇ ಇತ್ತು. ಅದು ಬರಿಯ ಕಾಗದವೆಂದು ಮೊಮ್ಮಗ ಕಿತ್ತುಹಾಕಲಿದ್ದ, ತಡೆದೆವು. ಸಂಗ್ರಾಹಕರು ಆ ಪಟ್ಟಿ ಇದ್ದರೆ ಒಂದು ಬೆಲೆ, ಇಲ್ಲದಿದ್ದರೆ ಇನ್ನೊಂದು ಬೆಲೆ ಕೊಡುತ್ತಾರೆ.

ಕ್ಷೇಮವೇ? ಇಲ್ಲಿ ಯಂತ್ರ ಬೇಕಾಯಿತು. ಕಂಬಳಿ ಬಿಚ್ಚಿ ವಿದ್ಯುತ್ ಕೊಟ್ಟರೆ ತಟ್ಟೆಯನ್ನು ಒಳಗೆಳೆದುಕೊಳ್ಳುವ ಬಾಯಿ ತೆರೆಯಲೇ ಇಲ್ಲ. ಚಿಕ್ಕಮಗಳೂರಿನ ರಿಪೇರಿಯವರೊಬ್ಬರು ಬಿಚ್ಚಿ ನೋಡಿ, ಒಳಗಿನ ರಬ್ಬರ್ ಬೆಲ್ಟು ಸಡಿಲಗೊಂಡು ಅಂಟಂಟಾಗಿದೆ ಎಂದು ಬದಲಿಸಿಕೊಟ್ಟರು. ಆಮೇಲೆ ತಟ್ಟೆಗಳನ್ನು ಒಂದೊಂದಾಗಿ ಓಡಿಸಿದೆವು. ಮೇಲೆ ಗೀರು ಬಿದ್ದವು ಎಷ್ಟೋ ಚೆನ್ನಾಗಿ ನಡೆದವು. ಕನ್ನಡಿಯಂತೆ ನುಣುಪಾಗಿದ್ದ ಏಳು ತಟ್ಟೆಗಳು ತೆರೆಯ ಮೇಲೆ ಬಣ್ಣದ ಚುಕ್ಕಿಗಳ ಮಳೆ ಸುರಿಸಿದವು. ಎರಡು ಹೋಳುಗಳ ನಡುವಿನ ಅಂಟು ಸೋತು, ಗಾಳಿಯೂ ತೇವವೂ ಹೊಕ್ಕು, ಅಲ್ಯುಮಿನಿಯಮ್ಮಿನ ಲೇಪ ಕಿಲುಬು ಹಿಡಿಯುವ ರೋಗವಿದು; ಸಂಗ್ರಾಹಕರು ಇದನ್ನು 'ಲೇಸರ್ ರಾಟ್' ಎನ್ನುತ್ತಾರೆ. ಕಾಫಿ ಬೆಳೆಗಾರರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಿಳಿ ಕಾಂಡಕೊರಕ ಹೊಕ್ಕ ಅರೇಬಿಕಾ ಗಿಡ ಮೊದಮೊದಲು ಹೊರಗೆ ಹಸಿರಾಗಿಯೇ ಇರುತ್ತದೆ. ಒಳಗೆ ಕಾಂಡ ಟೊಳ್ಳು. ಈ ರೋಗಕ್ಕೆ ಮದ್ದಿಲ್ಲ.

ಬೇರೆಡೆ ಪ್ರತಿಯುಂಟೇ? ಇಲ್ಲಿ ನಾವು ಹೊಸದೊಂದನ್ನು ಕಲಿತೆವು. ತಟ್ಟೆಯ ಚೀಲದ ಬೆನ್ನಿನ ಮೇಲೆ ಒಂದು ಸಂಖ್ಯೆ ಇರುತ್ತದೆ, ಹಸ್ತಪ್ರತಿ ಭಂಡಾರದ ಕ್ರಮಾಂಕದಂತೆ. ಲೇಸರ್‌ಡಿಸ್ಕ್ ಡೇಟಾಬೇಸ್ ಎಂಬ ಅಂತರ್ಜಾಲದ ಪಟ್ಟಿಯಲ್ಲಿ ಆ ಸಂಖ್ಯೆ ಕೊಟ್ಟರೆ ಯಾವ ದೇಶದ, ಯಾವ ವರ್ಷದ ಅಚ್ಚು ಎಂದು ತಿಳಿಯುತ್ತದೆ. ಬಹುಪಾಲು ಚಿತ್ರಗಳು ಬಳಿಕ ಡಿವಿಡಿಯಲ್ಲಿ ಇನ್ನೂ ಚೆನ್ನಾಗಿ ಬಂದಿವೆ, ಅಂತಹವಕ್ಕೆ ಬೆಲೆಯಿಲ್ಲ. ಆದರೆ ಕೆಲವುಂಟು. ಡಿಸ್ನಿ ಕಂಪನಿಯು 1946ರ 'ಸಾಂಗ್ ಆಫ್ ದಿ ಸೌತ್' ಚಿತ್ರವನ್ನು ಅಮೆರಿಕದಲ್ಲಿ ಮನೆಯ ಬಳಕೆಗೆ ಬಿಡಲೇ ಇಲ್ಲ. ಜಪಾನಿನ ಲೇಸರ್‌ಡಿಸ್ಕ್‌ನಲ್ಲಿ ಅದು ಬಂದಿತು. 1977ರ 'ಸ್ಟಾರ್ ವಾರ್ಸ್' ಚಿತ್ರವನ್ನು ಅದರ ನಿರ್ದೇಶಕರೇ 1997ರಲ್ಲಿ ತಿದ್ದಿ ಬದಲಿಸಿದರು. ಮೊದಲ ರೂಪವನ್ನು 2006ರಲ್ಲಿ ಡಿವಿಡಿಯ ಜೊತೆ ಕೊಡಬೇಕಾದಾಗ, 1993ರ ಲೇಸರ್‌ಡಿಸ್ಕ್‌ಗಾಗಿ ಸಿದ್ಧಪಡಿಸಿದ್ದ ಪ್ರತಿಯನ್ನೇ ಬಳಸಿದರು. ಪಾಠಾಂತರ ಶೋಧಿಸುವವರಿಗೆ ಇದರ ಮಹತ್ವ ಕೂಡಲೇ ಹೊಳೆಯುತ್ತದೆ.

ನಮ್ಮ ಟ್ರಂಕಿನಲ್ಲಿ ಆ 'ಸ್ಟಾರ್ ವಾರ್ಸ್'ನ ಹಳೆಯ ರೂಪದ್ದೊಂದು ಇದ್ದಿತು. ಮೊಮ್ಮಗ ಕುಣಿದಾಡಿದ. ಅರ್ಧ ಲಕ್ಷದ ಮಾತು ಹುಟ್ಟಿದ್ದೂ ಅದರಿಂದಲೇ. ಆಗ ನಾಲ್ಕನೆಯ ಪ್ರಶ್ನೆ ಕೇಳಿದೆವು: "ಮಗು, ಅವನು ಅಷ್ಟು ಕೇಳಿದ್ದಾನೆ ಸರಿ; ಯಾರಾದರೂ ಕೊಟ್ಟಿದ್ದಾರೆಯೇ?" ಕೇಳುವ ಬೆಲೆ ಬೇರೆ, ಮಾರಿಹೋದ ಬೆಲೆ ಬೇರೆ. ಸಂತೆಯಲ್ಲಿ ಎತ್ತಿಗೆ ಯಾರು ಎಷ್ಟಾದರೂ ಹೇಳಬಹುದು. ಹಗ್ಗ ಕೈ ಬದಲಾದಾಗಿನ ಮಾತೇ ಬೆಲೆ. ಮಾರಿಹೋದವುಗಳ ಪಟ್ಟಿಯನ್ನು ತೆಗೆಸಿ ನೋಡಿದರೆ ಅದು ಎರಡು ಮೂರು ಸಾವಿರಕ್ಕೆ ಹೋಗಿತ್ತು. ಕಾರಣ ಸರಳ: ಒಳಗಿನ ಚಿತ್ರ ಅಪರೂಪವಾದರೂ ಆ ತಟ್ಟೆ ಅಪರೂಪವಲ್ಲ. ಜನ ಮೆಚ್ಚಿದ ಚಿತ್ರವಾದುದರಿಂದ ಸಹಸ್ರಾರು ಅಚ್ಚಾಗಿತ್ತು. ಯಾರೂ ಕೊಳ್ಳದ ಚಿತ್ರದ ತಟ್ಟೆ ಮುಂದೆ ದುರ್ಲಭವಾಗುತ್ತದೆ; ಎಲ್ಲರೂ ಕೊಂಡದ್ದು ಎಲ್ಲರ ಅಟ್ಟದಲ್ಲಿಯೂ ಇರುತ್ತದೆ. ಸಾಧಾರಣ ತಟ್ಟೆಗಳಿಗಂತೂ ಅಂಚೆಯ ಖರ್ಚೇ ಬೆಲೆಯನ್ನು ಮೀರುತ್ತದೆ. ನಡೆಯುವ ಯಂತ್ರ ಮಾತ್ರ ವರ್ಷವರ್ಷಕ್ಕೂ ಕಡಿಮೆಯಾಗುತ್ತಿರುವುದರಿಂದ, ತಟ್ಟೆಗಳೆಲ್ಲ ಸೇರಿದ್ದಕ್ಕಿಂತ ಅದಕ್ಕೇ ಹೆಚ್ಚು ಬೇಡಿಕೆ ಕಂಡಿತು.

ನಾಲ್ಕನೆಯ ದಿನ ಒಂದು ಹಾಳೆಯಲ್ಲಿ ಬರೆದೆವು. ಕೆಟ್ಟವು ಏಳು, ಅಪೂರ್ಣ ಎರಡು: ಬೆಲೆಯಿಲ್ಲ. ಸಾಧಾರಣ ಇಪ್ಪತ್ತೆರಡು: ಒಟ್ಟಾಗಿ 5,000. ಜಪಾನಿನವು ನಾಲ್ಕು: 5,000. 'ಸ್ಟಾರ್ ವಾರ್ಸ್' ಒಂದು: 2,500. ರಿಪೇರಿಯಾದ ಯಂತ್ರ: 18,000. ಒಟ್ಟು 30,500 ರೂಪಾಯಿ. ಗುಜರಿಯವನು ಹೇಳಿದ್ದರ ಹನ್ನೆರಡು ಪಟ್ಟು. ಮೊಮ್ಮಗನ ಲೆಕ್ಕದಲ್ಲಿ ಸುಮಾರು ಅರವತ್ತರಲ್ಲೊಂದು ಪಾಲಷ್ಟೇ ಆಯಿತು. ಕೆಳಗೆ ಸಹಿ ಹಾಕಿದೆವು.

ಮಗನಿಗೆ ಫೋನಿನಲ್ಲಿ ಓದಿ ಹೇಳಿದಾಗ ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಷ್ಟೇನಾ ಶಾಸ್ತ್ರಿಗಳೇ? ಹಾಗಾದರೆ ಅಪ್ಪನ ಮಾತಿನಂತೆಯೇ ಆಗಲಿ" ಎಂದನು. ಮನೆಯಲ್ಲಿ ಎಲ್ಲರಿಗೂ ಹಗುರವಾಯಿತು. ನಮಗೂ ಆಯಿತೆಂದು ಒಪ್ಪಿಕೊಳ್ಳಬೇಕು. ಆದರೆ ಆ ರಾತ್ರಿ ಒಂದು ಯೋಚನೆ ಬಿಡಲಿಲ್ಲ. ಮೂವತ್ತು ಸಾವಿರಕ್ಕೆ ಸುಲಭವಾಗಿ ಉಳಿದ ತಂದೆಯ ಮಾತು ಹದಿನೆಂಟು ಲಕ್ಷಕ್ಕೆ ಉಳಿಯುತ್ತಿತ್ತೇ? ನಮ್ಮ ಲೆಕ್ಕ ಅಷ್ಟಕ್ಕೇ ಬಂದಿದ್ದರೆ ತಾಯಿಯವರ ಮುಂದೆ ಆ ಹಾಳೆಯನ್ನು ಇಡುವ ಧೈರ್ಯ ನಮಗೆ ಇರುತ್ತಿತ್ತೇ? ಹುಡುಗನನ್ನು ಮಾತ್ರ ದೂರುವುದು ಸರಿಯಲ್ಲ. ಮಾತಿಗೂ ವಸ್ತುವಿಗೂ ಒಂದೇ ತಕ್ಕಡಿ ಹಿಡಿಯುವ ರೂಢಿ ನಮ್ಮೆಲ್ಲರಲ್ಲಿಯೂ ಇದೆ.

ಮರುದಿನ ಬೆಳಗ್ಗೆ ಗೋದಾಮಿನವನನ್ನು ಕರೆಸಿದರು. ಹಾಳೆಯಲ್ಲಿದ್ದುದನ್ನೆಲ್ಲ ಓದಿ ಹೇಳಿದೆವು. ಅವನ ಮಗಳು ನರ್ಸಿಂಗ್ ಓದುತ್ತಿದ್ದಾಳೆ. ಹಾಸ್ಟೆಲಿನ ಹಣ ಕಟ್ಟಲು ಬಾಕಿಯಿತ್ತು. ಮಾರಿಕೊಡಲು ಮೊಮ್ಮಗನೇ ಒಪ್ಪಿಕೊಂಡನು. ಎಲ್ಲ ಕೇಳಿಸಿಕೊಂಡು ಅವನು ಟ್ರಂಕಿನ ಮುಂದೆ ಕುಕ್ಕರಗಾಲಲ್ಲಿ ಕುಳಿತು, ನಾವು ಬೇರೆಯಾಗಿಟ್ಟಿದ್ದ ಕೆಟ್ಟ ತಟ್ಟೆಗಳನ್ನು ಮಗುಚಿ ನೋಡತೊಡಗಿದನು. "ಅಯ್ನೋರೇ, ಇವಕ್ಕೆ ಗಿರಾಕಿ ಇಲ್ಲ ಅಂದ್ರಲ್ಲ, ಇದೊಂದು ನಾನೇ ಇಟ್ಕೊಳ್ಲಾ?" ಅವನ ಕೈಯಲ್ಲಿದ್ದುದು ಚಾಪ್ಲಿನ್ ಅವರ 1936ರ 'ಮಾಡರ್ನ್ ಟೈಮ್ಸ್'. ಆ ಚಿತ್ರ ತೋರಿಸುವ ರಾತ್ರಿ ಮಾತ್ರ ಯಜಮಾನರು ಕಥೆ ಹೇಳುವ ಅಗತ್ಯವಿರುತ್ತಿರಲಿಲ್ಲವಂತೆ. ಅವರೂ ಕೆಳಗಿಳಿದು ಬಂದು ಕಣದಲ್ಲಿ ಇವರ ಜೊತೆಗೇ ಕೂತು ನಗುತ್ತಿದ್ದರಂತೆ.

ಯಂತ್ರವೂ ತಟ್ಟೆಗಳೂ ಬೆಂಗಳೂರಿನ ಸಂಗ್ರಾಹಕರೊಬ್ಬರಿಗೆ 28,000 ರೂಪಾಯಿಗೆ ಹೋದವು. ನಮ್ಮ ಅಂದಾಜು ಎರಡೂವರೆ ಸಾವಿರ ಹೆಚ್ಚಾಯಿತು.

ಓದುಗ ಬಂಧುಗಳಲ್ಲಿ ಅನೇಕರ ಮನೆಯ ಅಟ್ಟದಲ್ಲಿ ಇಂತಹ ಪೆಟ್ಟಿಗೆ ಒಂದಾದರೂ ಇರಬಹುದು. ಲೇಸರ್‌ಡಿಸ್ಕ್ ಅಲ್ಲದಿದ್ದರೆ ಗ್ರಾಮಫೋನ್ ಪ್ಲೇಟು, ಕ್ಯಾಸೆಟ್ಟು, ಹಳೆಯ ಫಿಲ್ಮಿನ ಸುರುಳಿ. ಮಳೆಗಾಲಕ್ಕೆ ಮುಂಚೆ ಅವನ್ನು ಕೆಳಗಿಳಿಸಿ. ತಟ್ಟೆಗಳನ್ನು ಒಂದರ ಮೇಲೊಂದು ಹೇರದೆ ಪುಸ್ತಕದಂತೆ ನಿಲ್ಲಿಸಿ ಇಡಿ. ತೇವದ ಗೋಡೆಯಿಂದ ದೂರವಿಡಿ. ಚೀಲ, ಪಟ್ಟಿ, ಚೀಟಿ ಯಾವುದನ್ನೂ ಬಿಸಾಡಬೇಡಿ. ಬೆಲೆ ಕೇಳುವುದಿದ್ದರೆ ಮಾರಿಹೋದ ಬೆಲೆ ಕೇಳಿ. ಎಲ್ಲಕ್ಕೂ ಮೊದಲು, ತಳದ ತನಕ ನೋಡಿ. ಕಳಸದ ಆ ಮನೆಯ ಮೆಟ್ಟಿಲ ಮೇಲೆ ಕುಳಿತು ನಾವು ಮೇಲಿನ ಎರಡನ್ನಷ್ಟೇ ನೋಡಿದ್ದೆವು.